ಚಳಿಗಾಲದ ಮುಂಜಾನೆ ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ



ಮುಂಗಾರಿನ ಶೇಂಗಾ ಕಿತ್ತು ಮುಗಿದಿದೆ. ಎರೆಹೊಲದವರು ಕಡಲೆ ಬಿತ್ತಿದ್ದಾರೆ. ಕೊಳವೆಬಾವಿಯಲ್ಲಿ ನೀರು ಉಳಿದವರು ಹಿಂಗಾರಿನ ಶೇಂಗಾಕ್ಕೆ ಹೊಲ ಹಸನು ಮಾಡುತ್ತಿದ್ದಾರೆ. ಕ್ರಿಸ್ಮಸ್ಸಿನಿಂದ ಸಂಕ್ರಾಂತಿಯವರೆಗೆ ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಜಾವ ಹೊರಗೆ ಬಂದು ನಿಂತರೆ ಒಂದು ಸದ್ದು ಕೇಳಿಯೇ ಕೇಳುತ್ತದೆ. ಯಾವುದೋ ಮನೆಯ ಹಿತ್ತಲಲ್ಲಿ ಸೆಲ್ಫ್ ಮೋಟಾರು ನಾಲ್ಕು ಸುತ್ತು ನರಳಿ ಸುಮ್ಮನಾಗುತ್ತದೆ. ಮತ್ತೆ ನರಳುತ್ತದೆ, ಮತ್ತೆ ಸುಮ್ಮನಾಗುತ್ತದೆ. ಆಮೇಲೆ ಹುಡುಗರನ್ನು ಕೂಗಿ ಕರೆಯುವ ದನಿ, ತಳ್ಳುವ ಗದ್ದಲ. ಹೊತ್ತು ಏರುತ್ತದೆ. ಬಾಡಿಗೆಗೆ ಕರೆದವರು ಬೇರೆ ಗಾಡಿ ನೋಡಿಕೊಳ್ಳುತ್ತಾರೆ.

ಎಲ್ಲರೂ ಬೈಯುವುದು ಚಳಿಯನ್ನು. ಆದರೆ ನಮ್ಮ ಚಳಿ ಎಷ್ಟರದು? ಡಿಸೆಂಬರ್, ಜನವರಿಯ ಮುಂಜಾನೆ 15 ಡಿಗ್ರಿಯ ಆಸುಪಾಸು, ಕೆಲವು ದಿನ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ. ಪಂಜಾಬಿನಲ್ಲಿ ಇದೇ ಮ್ಯಾಸಿ, ಇದೇ ಸ್ವರಾಜ್ ನಾಲ್ಕೈದು ಡಿಗ್ರಿಯ ಮಂಜಿನಲ್ಲಿ ಎದ್ದು ಹೊಲಕ್ಕೆ ಹೋಗುತ್ತವೆ. ಸರಿಯಾಗಿರುವ ಡೀಸೆಲ್ ಎಂಜಿನ್‌ಗೆ ನಮ್ಮ ಊರಿನ ಚಳಿ ಒಂದು ಅಡ್ಡಿಯೇ ಅಲ್ಲ. ಬೇಸಿಗೆಯಲ್ಲಿ ಹೇಗೋ ಮುಚ್ಚಿಹೋಗಿದ್ದ ರೋಗವನ್ನು ಚಳಿಗಾಲ ಹೊರಗೆ ಹಾಕುತ್ತದೆ, ಅಷ್ಟೆ. ಆ ರೋಗ ಯಾವುದು, ಅದಕ್ಕೆ ಏನು ಮಾಡಬಹುದು, ಏನನ್ನು ಖಂಡಿತ ಮಾಡಬಾರದು ಎಂಬುದನ್ನು ಈ ಸಲ ಬರೆಯುತ್ತಿದ್ದೇನೆ. ನಾನು ಓದಿದ್ದು ತತ್ವಶಾಸ್ತ್ರ, ದೈವಶಾಸ್ತ್ರ, ಮೋಟಾರು ವಿದ್ಯೆಯನ್ನಲ್ಲ. ಮಿಸ್ತ್ರಿಗಳನ್ನು ಕೇಳಿ, ಪುಸ್ತಕ ನೋಡಿ ತಿಳಿದದ್ದನ್ನು ಹೇಳುತ್ತೇನೆ.

ಡೀಸೆಲ್ ಹೊತ್ತುವ ಬಗೆ

ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ಗಿನ ಕಿಡಿ ಇದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಎಂಜಿನ್ ಒಳಗೆ ಪಿಸ್ಟನ್ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆ ಗಾಳಿ ಕಾದ ಬಾಣಲೆಗಿಂತಲೂ ಹೆಚ್ಚು ಬಿಸಿಯಾಗುತ್ತದೆ. ಆ ಕ್ಷಣಕ್ಕೆ ನಾಜಲ್ ಡೀಸೆಲ್ಲನ್ನು ಹೊಗೆಯಂತೆ ಸಣ್ಣಗೆ ಚಿಮ್ಮಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಇದನ್ನು ಮಾಡಿ ತೋರಿಸಿದವನು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಎಂಜಿನ್ ಯಶಸ್ವಿಯಾಗಿ ಓಡಿತು. ಎಣ್ಣೆಗೂ ಅವನ ಹೆಸರೇ ನಿಂತಿತು. ಇಲ್ಲಿ ನಮ್ಮವರಿಗೆ ರುಚಿಸುವ ಒಂದು ಸಂಗತಿ ಇದೆ. 1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಅಂಥ ಒಂದು ಸಣ್ಣ ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಶೇಂಗಾವನ್ನೇ ನಂಬಿ ಬದುಕುವ ಅನಂತಪುರ ಜಿಲ್ಲೆಯವರಿಗೆ ಇದು ಹೆಮ್ಮೆ ತರಲಿ. ಆದರೆ ಯಾರೂ ಗಾಣದ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಬೇಡಿ. ಅದು ಡೀಸೆಲ್‌ಗಿಂತ ಬಹಳ ಗಟ್ಟಿ. ಚಳಿಯಲ್ಲಿ ಇನ್ನೂ ಗಟ್ಟಿಯಾಗಿ ಫಿಲ್ಟರ್, ನಾಜಲ್ ಎರಡನ್ನೂ ಕಟ್ಟಿಹಾಕುತ್ತದೆ.

ಈಗ ಚಳಿಯ ಲೆಕ್ಕ ನೋಡೋಣ. ಬೇಸಿಗೆಯ ಬೆಳಗ್ಗೆ 30 ಡಿಗ್ರಿಯ ಗಾಳಿ ಒಳಗೆ ಹೋದರೆ, ಬಿಗಿಯಾಗಿರುವ ಎಂಜಿನ್‌ನಲ್ಲಿ ಒತ್ತಿದ ಕೊನೆಗೆ ಅದು ಸುಮಾರು 500 ಡಿಗ್ರಿ ದಾಟುತ್ತದೆ. ಜನವರಿಯಲ್ಲಿ 12 ಡಿಗ್ರಿಯ ಗಾಳಿ ಹೋದರೆ ಕೊನೆಯ ಬಿಸಿ ಐವತ್ತು ಡಿಗ್ರಿಯಷ್ಟು ಇಳಿಯುತ್ತದೆ. ಆಗಲೂ ಡೀಸೆಲ್ ಹೊತ್ತಲು ಬೇಕಾದ್ದಕ್ಕಿಂತ ಧಾರಾಳವಾಗಿ ಹೆಚ್ಚೇ ಇರುತ್ತದೆ. ಆದರೆ ರಿಂಗ್ ಸವೆದು, ವಾಲ್ವ್ ಸರಿಯಾಗಿ ಕೂರದೆ, ಒತ್ತಿದ ಗಾಳಿ ಪಕ್ಕದಿಂದ ಸೋರಿದರೆ? ಅದರ ಮೇಲೆ ಬ್ಯಾಟರಿ ಸತ್ತು ಎಂಜಿನ್ ನಿಧಾನ ತಿರುಗಿದರೆ, ಸೋರುವುದಕ್ಕೂ ತಣ್ಣನೆಯ ಕಬ್ಬಿಣ ಬಿಸಿಯನ್ನು ಹೀರುವುದಕ್ಕೂ ಇನ್ನಷ್ಟು ಸಮಯ ಸಿಗುತ್ತದೆ. ಆಗ ನಷ್ಟವಾಗುವುದು ಐವತ್ತು ಡಿಗ್ರಿಯಲ್ಲ, ನೂರು ಇನ್ನೂರು ಡಿಗ್ರಿ. ಬೇಸಿಗೆಯಲ್ಲಿ ಹೇಗೋ ಅಂಚಿನಲ್ಲಿ ಹೊತ್ತುತ್ತಿದ್ದದ್ದು ಚಳಿಯ ಐವತ್ತು ಡಿಗ್ರಿಯೂ ಸೇರಿಕೊಂಡಾಗ ಹೊತ್ತುವುದಿಲ್ಲ. ಸಾಲದ ಮೇಲೆ ಸಾಲವಾದವನಿಗೆ ಕೊನೆಯ ಹತ್ತು ರೂಪಾಯಿಯೂ ಭಾರವೇ.

ಕೆಲವರು "ಡೀಸೆಲ್ ಹೆಪ್ಪುಗಟ್ಟಿದೆ" ಎನ್ನುತ್ತಾರೆ. ನಮ್ಮ ಊರಲ್ಲಿ ಅದು ಸಾಧ್ಯವಿಲ್ಲ. ಲಡಾಖಿನಂಥ ಕಡೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಗಾಡಿ ನಿಲ್ಲುತ್ತಿತ್ತು. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಬೇರೆ ಡೀಸೆಲ್ಲನ್ನು ತಂದಿತು. ನಮ್ಮ ಬಂಕಿನ ಡೀಸೆಲ್‌ಗೆ ನಮ್ಮ ಚಳಿಯಿಂದ ಏನೂ ಆಗುವುದಿಲ್ಲ.

ಹಿಂದಿನ ಸಂಜೆಯ ಕೆಲಸ

ಬೆಳಗಿನ ತೊಂದರೆಯಲ್ಲಿ ಮುಕ್ಕಾಲು ಪಾಲನ್ನು ಹಿಂದಿನ ಸಂಜೆಯೇ ಮುಗಿಸಬಹುದು. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಗಮನ. ಬ್ಯಾಟರಿ ಒಳಗೆ ನಡೆಯುವುದು ರಾಸಾಯನಿಕ ಕ್ರಿಯೆ. ತಣ್ಣಗಾದಷ್ಟೂ ಅದು ಮಂದವಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸಲು ಹೆಚ್ಚು ಬಲ ಬೇಕು. ಕೊಡುವವನ ಕೈ ಸಣ್ಣದಾದ ದಿನವೇ ಕೇಳುವವನ ಬಾಯಿ ದೊಡ್ಡದಾಗುತ್ತದೆ. ಆದರೂ ಹೊಸ ಬ್ಯಾಟರಿಗೆ ದುಡ್ಡು ಹೊಂದಿಸುವ ಮೊದಲು ಅದರ ತಲೆಯನ್ನು ನೋಡಿ. ಟರ್ಮಿನಲ್ ಸುತ್ತ ಬಿಳಿ, ಹಸಿರು ಬೂಷ್ಟು ಕಟ್ಟಿದ್ದರೆ ಕರೆಂಟು ಅಲ್ಲಿಯೇ ನಿಲ್ಲುತ್ತದೆ. ಮೈನಸ್ ವೈರನ್ನು ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ತೊಳೆಯುವಾಗ ಸೋಡ ನೀರು ಬ್ಯಾಟರಿ ಒಳಗೆ ಇಳಿಯಬಾರದು, ಮುಚ್ಚಳಗಳು ಬಿಗಿಯಾಗಿರಲಿ. ಬಾಡಿಗೆ ಹೋಗುವ ಅರ್ತಿಂಗ್ ಪಟ್ಟಿಯನ್ನು ಯಾರೂ ನೋಡುವುದೇ ಇಲ್ಲ. ಬಣ್ಣ, ತುಕ್ಕಿನ ಮೇಲೆ ಅದನ್ನು ಬಿಗಿದಿದ್ದರೆ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿಯಿರಿ. ನೀರು ಕಡಿಮೆಯಾದ ಸೆಲ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕೊಳವೆಬಾವಿಯ ಉಪ್ಪುನೀರು ಬ್ಯಾಟರಿಗೆ ವಿಷ. ಗಾಡಿ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು; 12ಕ್ಕೆ ಬಂದಿದ್ದರೆ ಅದರಲ್ಲಿ ಹೆಚ್ಚೇನೂ ಉಳಿದಿಲ್ಲ.

ಈ ಕೆಲಸ ಮಾಡುವಾಗ ಬೀಡಿ ಬೇಡ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿಗೆ ಅದು ಸಿಡಿದು ಆಸಿಡ್ ಮುಖಕ್ಕೆ ಬೀಳುತ್ತದೆ. ಕಣ್ಣಿಗೆ ಆಸಿಡ್ ಬಿದ್ದರೆ ಎದೆಹಾಲು, ಹರಳೆಣ್ಣೆ ಎಂದು ಹುಡುಕುತ್ತಾ ಕೂರಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಚೊಕ್ಕ ನೀರನ್ನು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಸುರಿದು, ಆಮೇಲೆ ಕಣ್ಣಿನ ಡಾಕ್ಟರ ಬಳಿ ಓಡಿ.

ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣ್ಣಗಾಗಿ ಹನಿಯಾಗಿ ಡೀಸೆಲ್ ಕೆಳಗೆ ಸೇರುತ್ತದೆ. ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರಿಗೆ ಈ ಕಾಟ ಹೆಚ್ಚು. ವಾರಕ್ಕೊಮ್ಮೆ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಟ್ಟುಬಿಡಿ. ಆಯಿಲ್ ವಿಷಯದಲ್ಲಿ ಒಂದೇ ಮಾತು: ಕಂಪನಿ ಪುಸ್ತಕದಲ್ಲಿ ಒಪ್ಪಿದ್ದರೆ 40ರ ಬರೀ ಆಯಿಲ್ ಬದಲು 15-40 ಹಾಕಿಸಿ. ಅದು ತಣ್ಣಗಿರುವಾಗ ತೆಳ್ಳಗಿದ್ದು, ಕಾದಾಗ ಬೇಕಾದಷ್ಟು ಗಟ್ಟಿಯಿರುತ್ತದೆ.

ಬೆಳಗಿನ ಕ್ರಮ

ಡೀಸೆಲ್ ಕಾಕ್ ತೆರೆದಿದೆಯೇ, ಎಂಜಿನ್ ನಿಲ್ಲಿಸುವ ಗುಬ್ಬಿಯನ್ನು ಪೂರ್ತಿ ಒಳಗೆ ತಳ್ಳಿದೆಯೇ ನೋಡಿ. ನಗಬೇಡಿ; ಹೊರಗೆ ಎಳೆದೇ ಉಳಿದಿದ್ದ ಆ ಗುಬ್ಬಿಯಿಂದಾಗಿ ಮಿಸ್ತ್ರಿಯನ್ನು ಕರೆಸಿದವರಿದ್ದಾರೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ ಬಿಟ್ಟಿರಲಿ. ಸೀಟಿನ ಮೇಲೆ ಕುಳಿತು ಕ್ಲಚ್ ಪೂರ್ತಿ ಒತ್ತಿ. ನ್ಯೂಟ್ರಲ್‌ನಲ್ಲಿದೆಯಲ್ಲ, ಕ್ಲಚ್ ಏಕೆ ಎಂದು ಕೇಳುತ್ತೀರಿ. ಗೇರ್ ಬಾಕ್ಸಿನ ಆಯಿಲ್ ಚಳಿಗೆ ಬೆಲ್ಲದ ಪಾಕದಂತೆ ಆಗಿರುತ್ತದೆ. ಕ್ಲಚ್ ಒತ್ತದಿದ್ದರೆ ಸೆಲ್ಫ್ ಮೋಟಾರು ಎಂಜಿನ್ ಜೊತೆಗೆ ಆ ಪಾಕವನ್ನೂ ಕಲಕಬೇಕಾಗುತ್ತದೆ. ಸೊರಗಿದ ಬ್ಯಾಟರಿಗೆ ಇಷ್ಟರಿಂದಲೇ ದೊಡ್ಡ ಸಹಾಯವಾಗುತ್ತದೆ, ಕಾಸೂ ಖರ್ಚಿಲ್ಲ.

ಕೈ ಆಕ್ಸಿಲರೇಟರನ್ನು ಅರ್ಧಕ್ಕೆ ಇಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡು ಸಾಕು. ಏಳದಿದ್ದರೆ ಒಂದು ನಿಮಿಷ ಬಿಡಿ. ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಕರೆಂಟು ಎಳೆಯುತ್ತದೆ. ಬಿಡದೆ ಹೊಡೆದರೆ ಅದರ ಸುರುಳಿ ಸುಡುತ್ತದೆ. ಆ ಒಂದು ನಿಮಿಷದಲ್ಲಿ ಬ್ಯಾಟರಿಯೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಮೂರು ಸಲಕ್ಕೂ ಏಳದಿದ್ದರೆ ಇಳಿದು ಹೊಗೆ ಕೊಳವೆಯನ್ನು ನೋಡಿ. ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿದೆ, ಆದರೂ ಹೊಗೆಯೇ ಇಲ್ಲ ಎಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಗಾಳಿ ಹಿಡಿದಿರಬೇಕು, ಇಲ್ಲವೇ ಫಿಲ್ಟರ್ ಕಟ್ಟಿರಬೇಕು. ಬಿಳಿ ಹೊಗೆ ದಟ್ಟವಾಗಿ ಬರುತ್ತಿದೆ, ಕಣ್ಣು ಉರಿಯುತ್ತಿದೆ, ಆದರೂ ಏಳುತ್ತಿಲ್ಲ ಎಂದರೆ ಡೀಸೆಲ್ ಹೋಗುತ್ತಿದೆ, ಹೊತ್ತುವಷ್ಟು ಬಿಸಿ ಇಲ್ಲ. ಆ ಬಿಳಿ ಹೊಗೆ ಸುಡದ ಡೀಸೆಲ್‌ನ ಆವಿ. ರಿಂಗ್, ವಾಲ್ವ್, ನಾಜಲ್, ನಿಧಾನ ತಿರುಗಿಸುವ ಬ್ಯಾಟರಿ, ತಪ್ಪು ಇವುಗಳಲ್ಲೊಂದು. ಎದ್ದ ಮೇಲೆ ಒಂದೆರಡು ನಿಮಿಷದಲ್ಲಿ ಬಿಳಿ ಹೊಗೆ ನಿಲ್ಲಬೇಕು. ಆಮೇಲೆ ನೀಲಿ ಹೊಗೆ ಉಳಿದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಬೋರ್ ಕೆಲಸ ಹತ್ತಿರವಾಯಿತೆಂದು ತಿಳಿಯಿರಿ.

ಗಾಳಿ ತೆಗೆಯುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಫಿಲ್ಟರ್ ಮೇಲಿನ ತಿರುಪು ಸಡಿಲಿಸಿ, ಕೈ ಪಂಪು ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಬೇಕು. ಆಮೇಲೆ ಪಂಪಿನ ತಿರುಪು, ಕೊನೆಗೆ ನಾಜಲ್ ಪೈಪುಗಳ ನಟ್ಟು. ದಿನಾ ಬೆಳಗ್ಗೆ ಗಾಳಿ ತೆಗೆಯಬೇಕಾಗಿ ಬಂದರೆ ರಾತ್ರಿ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಹಳೆಯ ವಾಷರುಗಳನ್ನು, ಬಿರಿದ ರಬ್ಬರ್ ಪೈಪನ್ನು ಬದಲಿಸಿದರೆ ಆ ಕಾಟ ಮುಗಿಯುತ್ತದೆ. ಎಚ್.ಎಂ.ಟಿ. ಇಟ್ಟುಕೊಂಡವರ ಕಷ್ಟ ಬೇರೆ. ಪಿಂಜೋರಿನ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಬಿಡಿಭಾಗ ಸಿಕ್ಕಾಗಲೇ ಒಂದೆರಡು ಹೆಚ್ಚಾಗಿ ತೆಗೆದಿಡುವುದು ಒಳ್ಳೆಯದು. ಪಂಪಿನ ಮಾತು ಹಾಗಲ್ಲ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತಷ್ಟೆ. ನಮ್ಮವರಿಗೆ ಅದು ಇಂದಿಗೂ ಮೈಕೋ ಪಂಪೇ.

ನಾಜಲ್ ಪೈಪು ಬಿಚ್ಚುವಾಗ ಒಂದು ಎಚ್ಚರ. ಸೋರುತ್ತಿದೆಯೇ ಎಂದು ನೋಡಲು ಬೆರಳನ್ನು ಅಡ್ಡ ಹಿಡಿಯಬೇಡಿ. ನಾಜಲ್‌ನಿಂದ ಚಿಮ್ಮುವ ಡೀಸೆಲ್‌ನ ಒತ್ತಡ ಟ್ರ್ಯಾಕ್ಟರ್ ಟೈರಿನ ಗಾಳಿಯ ನೂರು ಪಟ್ಟಿಗಿಂತ ಹೆಚ್ಚು. ಸೂಜಿಯಂತೆ ಚರ್ಮದ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲ ಗಂಟೆಗಳಲ್ಲಿ ನೋವೂ ಕಡಿಮೆ. ಒಳಗೆ ಮಾತ್ರ ಮಾಂಸ ಸಾಯುತ್ತಾ ಹೋಗುತ್ತದೆ. ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಇಂಥದ್ದಾದರೆ ಅರಿಶಿನ ಹಚ್ಚಿ ಕೂರದೆ ಅಂದೇ, ಆ ಗಂಟೆಯೇ, ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ. "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೂ ಅದು ಸಣ್ಣ ಗಾಯದಂತೆಯೇ ಕಾಣುತ್ತದೆ.

ಬಿಸಿ ಕೊಡುವ ಬಗೆ

ಕೆಲವು ಹಳೆಯ ಎಂಜಿನ್‌ಗಳಲ್ಲಿ, ಮುಖ್ಯವಾಗಿ ಪರ್ಕಿನ್ಸ್ ಜಾತಿಯವುಗಳಲ್ಲಿ, ಗಾಳಿ ಒಳಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟಾರ್ಟ್ ಎಂಬ ಸಣ್ಣ ಒಲೆ ಇರುತ್ತದೆ. ಕೀಯನ್ನು ಹೀಟ್ ಗುರುತಿಗೆ ತಿರುಗಿಸಿ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದರೆ ಅದರ ತಂತಿ ಕೆಂಪಾಗಿ, ಮೇಲಿಂದ ತೊಟ್ಟಿಕ್ಕುವ ಡೀಸೆಲ್ಲನ್ನು ಉರಿಸಿ, ಒಳಗೆ ಹೋಗುವ ಗಾಳಿಯನ್ನು ಕಾಯಿಸುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದ್ದೂ ವೈರ್ ಕಿತ್ತುಹೋಗಿದ್ದರೆ ಮಿಸ್ತ್ರಿಯಿಂದ ಸರಿಮಾಡಿಸಿ.

ಅದಿಲ್ಲದವರಿಗೆ ಹಳೆಯ ಉಪಾಯವೊಂದಿದೆ: ಹಂಡೆಯ ನೀರು. ಸ್ನಾನಕ್ಕೆ ಕಾಯಿಸಿದ ನೀರಿನಿಂದ ಎರಡು ಬಕೆಟ್ ತಂದು, ರೇಡಿಯೇಟರಿನ ತಣ್ಣೀರನ್ನು ಕೆಳಗಿನ ಕಾಕಿನಿಂದ ಬಿಟ್ಟು, ನಿಧಾನವಾಗಿ ಬಿಸಿನೀರು ಹುಯ್ದು ಹತ್ತು ನಿಮಿಷ ಬಿಡಿ. ಕೈ ತಡೆಯದಷ್ಟು ಬಿಸಿ ಸಾಕು. ಕುದಿಯುವ ನೀರನ್ನು ಒಮ್ಮೆಗೇ ಸುರಿದರೆ ತಣ್ಣನೆಯ ಕಬ್ಬಿಣ ಬಿರಿಯುವ ಭಯವಿದೆ. ಕೂಲೆಂಟ್ ಹಾಕಿಸಿದವರು ಅದನ್ನು ಚೆಲ್ಲಬೇಡಿ. ಹಿಡಿದಿಟ್ಟು ಮತ್ತೆ ಹಾಕಿ. ಕೂಲೆಂಟ್ ಸಿಹಿಯಾಗಿರುವ ವಿಷ. ಮಕ್ಕಳು, ನಾಯಿ, ಕುರಿ ಬಾಯಿ ಹಾಕದ ಕಡೆ ಇಡಬೇಕು.

ಚೇಂಬರ್ ಕೆಳಗೆ ಬೆಂಕಿ ಹಾಕುವುದನ್ನು ಮಾತ್ರ ಬಿಟ್ಟುಬಿಡಿ. ಡೀಸೆಲ್ ಅದ್ದಿದ ಬಟ್ಟೆ, ಶೇಂಗಾ ಹೊಟ್ಟು, ಜೋಳದ ದಂಟು ಉರಿಸಿ ಆಯಿಲ್ ಕಾಯಿಸುವವರನ್ನು ಕಂಡಿದ್ದೇವೆ. ಹಳೆಯ ಎಂಜಿನ್ ತಳದಲ್ಲಿ ಜಿಡ್ಡು ಇರದೆ ಇರುವುದಿಲ್ಲ. ಪಕ್ಕದಲ್ಲೇ ಮೇವಿನ ಬಣವೆ. ಈ ಬರದ ನಾಡಿನಲ್ಲಿ ಒಂದು ಬಣವೆ ಸುಟ್ಟರೆ ಬೇಸಿಗೆಗೆ ದನ ಮಾರಬೇಕು. ಗಾಳಿ ಎಳೆಯುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಅಂಗಡಿಯಲ್ಲಿ ಸಿಗುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಇದರ ತಮ್ಮಂದಿರು. ಅವು ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿ ಸುತ್ತಿಗೆಯಿಂದ ಹೊಡೆದಂತೆ ಹೊಡೆಯುತ್ತವೆ. ರಿಂಗ್ ಮುರಿಯುತ್ತದೆ. ರಿಂಗ್ ಮುರಿದಂತೆಲ್ಲ ಗಾಡಿ ಸ್ಪ್ರೇ ಇಲ್ಲದೆ ಏಳದಂತಾಗುತ್ತದೆ, ಹೆಂಡದ ಚಟದ ಹಾಗೆ. ಥರ್ಮೋಸ್ಟಾರ್ಟ್ ಕೆಂಪಾಗಿರುವಾಗ ಸ್ಪ್ರೇ ಹೊಡೆದರೆ ಅಲ್ಲಿಯೇ ಸ್ಫೋಟ.

ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವುದು

ಈ ಬರಹವನ್ನು ಬರೆಯಲು ಹೊರಟದ್ದೇ ಈ ಮಾತಿಗಾಗಿ. ಕೀ ಸ್ವಿಚ್ ಕೆಟ್ಟಿರುತ್ತದೆ. ಸರಿಮಾಡಿಸಲು ಪುರುಸೊತ್ತಿಲ್ಲ. ಯಾರೋ ಒಬ್ಬರು ಕೆಳಗೆ, ಮುಂದಿನ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ನಡುವೆ ನಿಂತು, ಸೆಲ್ಫ್ ಮೋಟಾರಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಇಡುತ್ತಾರೆ. ಕಿಡಿ ಹಾರುತ್ತದೆ, ಎಂಜಿನ್ ಏಳುತ್ತದೆ. ನೂರು ದಿನ ಹೀಗೆ ನಡೆಯುತ್ತದೆ. ನೂರೊಂದನೆಯ ದಿನ ಗಾಡಿ ಗೇರಿನಲ್ಲಿರುತ್ತದೆ. ಹಿಂದಿನ ರಾತ್ರಿ ಉರುಳದಿರಲೆಂದು ಗೇರಿಗೆ ಹಾಕಿ ನಿಲ್ಲಿಸಿದ್ದವನು ಬೇರೆಯವನು, ಬೆಳಗ್ಗೆ ಸ್ಟಾರ್ಟ್ ಮಾಡುವವನು ಬೇರೆಯವನು. ಅಣ್ಣ ನಿಲ್ಲಿಸಿದ್ದು ತಮ್ಮನಿಗೆ ತಿಳಿಯದು.

ಮುಂದೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ "ಚಳಿಯಲ್ಲಿ ಆಫ್ ಆಗಿಬಿಡುತ್ತೆ ಬಿಡಿ, ಫಾದರ್" ಎನ್ನುವವರಿದ್ದಾರೆ. ಕೀ ಹಾಕಿ ಸ್ಟಾರ್ಟ್ ಮಾಡುವಾಗ ನೀವು ಸೀಟಿನ ಮೇಲಿರುತ್ತೀರಿ, ಕ್ಲಚ್ ಕಾಲ ಕೆಳಗಿರುತ್ತದೆ. ಗೇರಿನಲ್ಲಿದ್ದರೂ ಗಾಡಿ ಕದಲದು. ಅನೇಕ ಗಾಡಿಗಳಲ್ಲಿ ನ್ಯೂಟ್ರಲ್ ಅಲ್ಲದಿದ್ದರೆ ಕರೆಂಟೇ ಹೋಗದಂಥ ಸ್ವಿಚ್ಚೂ ಇರುತ್ತದೆ. ಸ್ಕ್ರೂಡ್ರೈವರ್ ಇಟ್ಟವನು ಈ ಎರಡು ಕಾವಲನ್ನೂ ದಾಟಿಬಿಟ್ಟಿರುತ್ತಾನೆ. ಗೇರಿನಲ್ಲಿರುವ ಗಾಡಿ ಸೆಲ್ಫ್ ತಿರುಗಿದ ಕೂಡಲೇ ಮುಂದಕ್ಕೆ ಹೆಜ್ಜೆ ಇಡುತ್ತದೆ. ಎದ್ದ ಡೀಸೆಲ್ ಎಂಜಿನ್‌ಗೆ ಆಮೇಲೆ ಕರೆಂಟು ಬೇಡವೇ ಬೇಡ. ಸ್ಕ್ರೂಡ್ರೈವರ್ ಎಳೆದುಕೊಂಡರೂ, ವೈರ್ ಕಿತ್ತರೂ ಅದು ನಿಲ್ಲದು. ಚಕ್ರಕ್ಕೆ ಏನಾದರೂ ಅಡ್ಡ ಸಿಕ್ಕಿ ವೇಗ ತಗ್ಗಿದರೆ ಗವರ್ನರ್ ತಾನಾಗಿ ಹೆಚ್ಚು ಡೀಸೆಲ್ ಕೊಡುತ್ತದೆ. ಗಟ್ಟಿ ನೆಲದಲ್ಲಿ ನೇಗಿಲು ಎಳೆಯಲಿ ಎಂದು ಮಾಡಿದ ಏರ್ಪಾಡು ಅದು. ಅಡ್ಡ ಸಿಕ್ಕಿದ್ದು ಹೆಂಟೆಯೋ ಮನುಷ್ಯನೋ ಗವರ್ನರ್‌ಗೆ ತಿಳಿಯದು. ಟನ್ನುಗಟ್ಟಲೆ ತೂಕದ ಗಾಡಿಯ ಹಿಂದಿನ ಚಕ್ರ ಆ ಜಾಗದಲ್ಲಿ ನಿಂತವನನ್ನು ತಲುಪಲು ಒಂದೆರಡು ಸೆಕೆಂಡು ಸಾಕು. ಹಿಂದೆ ಸರಿಯಲು ಅಲ್ಲಿ ಜಾಗವಿರುವುದಿಲ್ಲ.

ಕೀ ಸ್ವಿಚ್ ಬದಲಿಸಲು ಹೆಚ್ಚೆಂದರೆ ಒಂದು ಬೆಳಗಿನ ಬಾಡಿಗೆ ದುಡ್ಡು. ಅದೂ ಆಗದಿದ್ದರೆ, ಸೀಟಿನಲ್ಲಿ ಕುಳಿತು ಒತ್ತುವಂತೆ ಒಂದು ಬಟನ್ನನ್ನಾದರೂ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ. ಕೆಟ್ಟಿರುವ ನ್ಯೂಟ್ರಲ್ ಸ್ವಿಚ್ಚನ್ನು ವೈರ್ ಸುತ್ತಿ ದಾಟಿಸದೆ ಬದಲಿಸಿ. ಮನೆಯ ತಾಯಂದಿರೇ, ಈ ಪುಟವನ್ನು ನೀವು ಓದುತ್ತಿದ್ದರೆ, ನಿಮ್ಮ ಮನೆಯ ಗಾಡಿ ಹೇಗೆ ಸ್ಟಾರ್ಟ್ ಆಗುತ್ತಿದೆ ಎಂದು ನಾಳೆ ಬೆಳಗ್ಗೆ ಹೊರಗೆ ಬಂದು ನೋಡಿ. ಸ್ಕ್ರೂಡ್ರೈವರ್ ಕಂಡರೆ ಅಂದಿನ ಕೆಲಸ ನಿಂತರೂ ಸರಿ, ಅದನ್ನು ಕಿತ್ತುಕೊಳ್ಳಿ.

ಇಳಿಜಾರು, ತಳ್ಳುವುದು, ಇನ್ನೊಂದು ಬ್ಯಾಟರಿ

ಬ್ಯಾಟರಿ ಸತ್ತ ಗಾಡಿಯನ್ನು ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಬಹಳ. ಇದನ್ನು ನಾನು ಬೇಡ ಎಂದರೂ ನೀವು ಬಿಡುವವರಲ್ಲ. ಹಾಗಾದರೆ ಇಷ್ಟಾದರೂ ಮಾಡಿ: ಎರಡು ಬ್ರೇಕ್ ಪೆಡಲನ್ನೂ ಕೂಡಿಸಿ ಕೊಂಡಿ ಹಾಕಿ, ಬ್ರೇಕ್ ಲಾಕ್ ಮಾಡಿ, ಹಿಂದಿನ ಎರಡೂ ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ದಿಬ್ಬದ ಕೆಳಗೆ ಮನೆ, ಜಗಲಿ, ಮಕ್ಕಳು ಆಡುವ ಬಯಲು ಇರಬಾರದು. ಉರುಳಿಸುವಾಗ ಮೇಲಿನ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಒಂದನೆಯ ಗೇರಿನಲ್ಲಿ ಬಿಟ್ಟರೆ ಚಕ್ರ ಜಾರುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಟ್ರೈಲರ್ ಕಟ್ಟಿದ ಗಾಡಿಯನ್ನು ಎಂದೂ ಉರುಳಿಸಬೇಡಿ. ತಳ್ಳುವ ಹುಡುಗರು ದೊಡ್ಡ ಚಕ್ರದ ಬಳಿ ಕೈ ಇಡಬಾರದು.

ಪಕ್ಕದವರ ಗಾಡಿಯಿಂದ ಕರೆಂಟು ಪಡೆಯುವುದು ಇದಕ್ಕಿಂತ ಎಷ್ಟೋ ಮೇಲು. ಎರಡೂ 12 ವೋಲ್ಟಿನವೇ ಆಗಿರಬೇಕು. ಲಾರಿಯ 24 ವೋಲ್ಟಿನ ಸಹವಾಸ ಬೇಡ. ಗಾಡಿಗಳು ಒಂದಕ್ಕೊಂದು ತಾಗಿರಬಾರದು. ದಪ್ಪ ವೈರಿನಿಂದ ಪ್ಲಸ್‌ಗೆ ಪ್ಲಸ್ ಕೊಡಿ. ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್ಸನ್ನು ಸತ್ತ ಗಾಡಿಯ ಎಂಜಿನ್ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕೊಡಿ. ಕೊನೆಯ ಕಿಡಿ ಬ್ಯಾಟರಿ ಬಾಯಿಯ ಹತ್ತಿರ ಹಾರಬಾರದು ಎಂಬುದಕ್ಕೆ ಈ ಕ್ರಮ.

ಎದ್ದ ಮೇಲೆ

ಆಯಿಲ್ ದೀಪ ಆರಿತೇ ನೋಡಿ. ಚಳಿಗೆಂದು ಜೋರಾಗಿ ರೇಸ್ ಮಾಡಬೇಡಿ. ಆಯಿಲ್ ಮೇಲಿನವರೆಗೆ ತಲುಪುವ ಮೊದಲೇ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಮೂರು ನಾಲ್ಕು ನಿಮಿಷ ಹಗುರವಾಗಿ ಓಡಿಸಿ, ಆಮೇಲೆ ನಿಧಾನವಾಗಿ ಕೆಲಸಕ್ಕೆ ಹಚ್ಚಿ.

ಈ ನಾಲ್ಕು ನಿಮಿಷ ಗಾಡಿ ಎಲ್ಲಿ ನಿಂತಿರುತ್ತದೆ? ಅನೇಕ ಮನೆಗಳಲ್ಲಿ ಗಾಡಿಯ ಶೆಡ್ಡು, ದನದ ಕೊಟ್ಟಿಗೆ, ಮಲಗುವ ಜಗಲಿ ಒಂದೇ ಸೂರಿನ ಕೆಳಗಿವೆ. ಎಂಜಿನ್ ತಣ್ಣಗಿರುವಾಗ ಬರುವ ಹೊಗೆಯೇ ಅತಿ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಉಬ್ಬಸ ಇರುವ ಅಜ್ಜಿಗೆ, ಎಳೆ ಮಗುವಿಗೆ ಅಷ್ಟು ದೂರ ಹೋಗಬೇಕಿಲ್ಲ. ಅಂದೇ ಎದೆ ಕಟ್ಟುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ವಾಸನೆಯೇ ಇಲ್ಲದ ಇಂಗಾಲದ ಮಾನಾಕ್ಸೈಡ್ ಸೇರಿ ತಲೆ ಸುತ್ತಿ ಬೀಳುವವರೂ ಉಂಟು. ಸ್ಟಾರ್ಟ್ ಆದ ಕೂಡಲೇ ಗಾಡಿಯನ್ನು ಬಯಲಿಗೆ ತಂದು ಅಲ್ಲಿ ಕಾಯಿಸಿ. ಯಾರಾದರೂ ತಲೆ ಸುತ್ತಿ ಬಿದ್ದರೆ ಮೊದಲು ಹೊರಗಿನ ಗಾಳಿಗೆ ಎತ್ತಿ ತನ್ನಿ, 108ಕ್ಕೆ ಫೋನು ಮಾಡಿ.

ಕೊನೆಗೆ, ಸೆಲ್ಫೇ ಇಲ್ಲದ ಕಿರ್ಲೋಸ್ಕರ್ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಎರಡು ಮಾತು. ಅದರ ತಲೆಯ ಮೇಲಿನ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ವೇಗ ಬರುವವರೆಗೆ ತಿರುಗಿಸಿ ಲಿವರ್ ಬಿಡುವುದು ನಿಮಗೆ ಗೊತ್ತೇ ಇದೆ. ಚಳಿಯ ದಿನ ಲಿವರ್ ಎತ್ತಿಯೇ ಹತ್ತಿಪ್ಪತ್ತು ಸುತ್ತು ಹೆಚ್ಚಾಗಿ ತಿರುಗಿಸಿ, ಆಯಿಲ್ ಸಡಿಲವಾಗಲಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಿ, ಹ್ಯಾಂಡಲ್ಲಿನ ಸುತ್ತ ಹಾಕಬೇಡಿ. ತಣ್ಣನೆಯ ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿದ್ದರೆ ಕೈ ಬಿಡಿಸಿಕೊಳ್ಳಲಾಗದೆ ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಹಿಂದೆ ಮೋಟಾರು ಕಾರುಗಳಿಗೂ ಹ್ಯಾಂಡಲ್ ಹೊಡೆಯುತ್ತಿದ್ದ ಕಾಲದಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಮಣಿಕಟ್ಟಿನ ಒಂದು ಬಗೆಯ ಮುರಿತಕ್ಕೆ ಡಾಕ್ಟರುಗಳು ಡ್ರೈವರುಗಳ ಹೆಸರನ್ನೇ ಇಟ್ಟಿದ್ದಾರೆ. ಹಾಗೆ ಪೆಟ್ಟಾಗಿ ಕೈ ಊದಿದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಒಂದು ಹಲಗೆ ತುಂಡಿಗೆ ಕೈಯನ್ನು ಸಡಿಲವಾಗಿ ಕಟ್ಟಿ, ಕೊರಳಿಗೆ ಟವೆಲ್ ಹಾಕಿ ತೂಗಿಸಿ, ಕಲ್ಯಾಣದುರ್ಗಕ್ಕೋ ಅನಂತಪುರಕ್ಕೋ ಹೋಗಿ ಎಕ್ಸ್-ರೇ ತೆಗೆಸಿ. ಪುತ್ತೂರು ಕಟ್ಟಿನ ಮೇಲೆ ನಂಬಿಕೆ ಇರುವವರೂ ಮೊದಲು ಎಕ್ಸ್-ರೇ ತೆಗೆಸಿಕೊಳ್ಳಿ. ಬೆರಳು ತಣ್ಣಗಾಗಿ, ಬಿಳಚಿಕೊಂಡು, ಜೋಮು ಹಿಡಿದರೆ ಸಂಜೆಯವರೆಗೆ ಕಾಯಬಾರದು.